ಮಳೆ ಹಾಡಿನದೋ, ಬೂಷ್ಟಿನದೋ?

ಪ್ರಶ್ನೆ: ಅಣ್ಣ ಕಾಲೇಜಿನ ದಿನಗಳಲ್ಲಿ ಚೋರ್ ಬಜಾರಿನಿಂದ ತಂದಿದ್ದ ‘ಬ್ಲ್ಯಾಕ್ ಸಬಾತ್’ ಎಂಬ ಎಲ್‌ಪಿ ರೆಕಾರ್ಡನ್ನು ಮೊನ್ನೆ ಮಾಳದಿಂದ ಇಳಿಸಿ ಹಾಕಿದೆ. ಮೊದಲ ಅರ್ಧ ನಿಮಿಷ ಮಳೆ ಸುರಿದಂಥ ಸದ್ದು, ದೂರದಲ್ಲೊಂದು ಗಂಟೆ, ಅಷ್ಟೇ. ಬೂಷ್ಟು ಹಿಡಿದು ಕೆಟ್ಟಿದೆಯೇ? ಇದು ಸೈತಾನನ ಹಾಡು, ಮನೆಯಲ್ಲಿಡಬೇಡ ಎಂದು ಅತ್ತೆಯವರು ಹೇಳುತ್ತಾರೆ. ಈ ವಯಸ್ಸಿನಲ್ಲಿ ಮತ್ತೆ ಕೇಳುವಂಥದ್ದು ಇದರಲ್ಲೇನಿದೆ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಆ ಮಳೆ ಹಾಡಿನೊಳಗಿನದೇ. 1970ರ ಫೆಬ್ರವರಿ 13ರಂದು ಬಿಡುಗಡೆಯಾದ ಈ ಆಲ್ಬಮ್ಮನ್ನು ಇದೇ ಹೆಸರಿನ ರಾಕ್ ತಂಡದ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ನಾಲ್ವರು ಹುಡುಗರು ಹಿಂದಿನ ವರ್ಷದ ಅಕ್ಟೋಬರಿನಲ್ಲಿ, ಲಂಡನ್ನಿನ ಸ್ಟುಡಿಯೊ ಒಂದರಲ್ಲಿ ಒಂದೇ ದಿನ ಕುಳಿತು ನುಡಿಸಿ ಮುಗಿಸಿದರು. ಮಳೆ, ಗುಡುಗು, ಗಂಟೆಗಳನ್ನು ಆಮೇಲೆ ಸೇರಿಸಲಾಯಿತು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ, ಅಡ್ಡಗೀರು ಬಿದ್ದಿದ್ದರೆ 1.8 ಸೆಕೆಂಡಿಗೊಮ್ಮೆ ‘ಟಕ್’ ಎಂಬ ಸದ್ದು ತಪ್ಪದೆ ಬರುತ್ತದೆ. ಚಿಟಪಟ ಸದ್ದು ಗಿಟಾರ್ ಬಂದ ಮೇಲೂ ಅಷ್ಟೇ ಜೋರಾಗಿ ಮುಂದುವರಿದರೆ ಮಾತ್ರ ಬೂಷ್ಟನ್ನೋ ಧೂಳನ್ನೋ ಶಂಕಿಸಿ. ಆಗ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ, ನಡುವಿನ ಲೇಬಲ್ ಒದ್ದೆಯಾಗದಂತೆ, ಗೆರೆಗಳ ಗುಂಟ ಒರೆಸಿ. ಒಳಗಿನ ಹಳೆಯ ಕಾಗದದ ಚೀಲವನ್ನು ಎಸೆದುಬಿಡಿ, ಏಕೆಂದರೆ ಬೂಷ್ಟು ಅಲ್ಲಿಯೇ ಮನೆಮಾಡಿರುತ್ತದೆ.

ಇನ್ನು, ಮತ್ತೆ ಕೇಳುವಂಥದ್ದೇನಿದೆ ಎಂಬ ಪ್ರಶ್ನೆ. ಮಳೆ ಹಿಂದೆ ಸರಿದೊಡನೆ ಗಿಟಾರ್ ನುಡಿಸುವುದು ಮೂರೇ ಸ್ವರ: ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ತೀವ್ರ ಮಧ್ಯಮ. ಯಮನ್ ರಾಗ ಕೇಳಿ ಬೆಳೆದ ನಮ್ಮ ಕಿವಿಗೆ ತೀವ್ರ ಮಧ್ಯಮವೇನೂ ಹೊಸದಲ್ಲ; ಆದರೆ ಅಲ್ಲಿ ಅದು ಪಂಚಮದ ಕಡೆಗೆ ಕೈಹಿಡಿದು ಕರೆದೊಯ್ಯುತ್ತದೆ, ಇಲ್ಲಿಯೋ ಪಂಚಮವನ್ನು ಮುಟ್ಟಿಯೂ ಮುಟ್ಟದಂತೆ ನಿಂತಲ್ಲೇ ನಡುಗುತ್ತದೆ. ನಡೆಯೂ ವಿಲಂಬಿತ. ಹೆವಿ ಮೆಟಲ್ ಎಂಬ ರಾಕ್ ಪ್ರಕಾರವೆಂದರೆ ಬರೀ ವೇಗ ಮತ್ತು ಅಬ್ಬರ ಎಂದುಕೊಂಡಿದ್ದ ನನಗೆ, ಈ ಪ್ರಕಾರದ ಮೊದಲ ಆಲ್ಬಮ್ ಎಂದು ಬಹಳ ಮಂದಿ ಒಪ್ಪುವ ರೆಕಾರ್ಡು ಇಷ್ಟು ನಿಧಾನವಾಗಿ ಶುರುವಾಗುವುದು ಈಗಲೂ ಸೋಜಿಗ.

ಗಿಟಾರ್ ನುಡಿಸಿದ ಟೋನಿ ಅಯೋಮಿ ಎಡಗೈ ವಾದಕ. ತಂತಿಗಳನ್ನು ಒತ್ತುವುದು ಬಲಗೈ ಬೆರಳುಗಳಿಂದ. ಹದಿನೇಳನೇ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸ ಬಿಡಬೇಕಾಗಿದ್ದ ಕೊನೆಯ ದಿನವೇ, ಆ ಕೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳನ್ನು ಯಂತ್ರ ಕತ್ತರಿಸಿಹಾಕಿತು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿ, ತೂತು ಕೊರೆದು, ಉಜ್ಜಿ ನಯಗೊಳಿಸಿ, ಹಳೆಯ ತೊಗಲಿನ ಜಾಕೆಟಿನ ಚೂರನ್ನು ಅದಕ್ಕೆ ಅಂಟಿಸಿ ಅವರು ಬೆರಳ ಟೋಪಿಗಳನ್ನು ಮಾಡಿಕೊಂಡರು. ಟೋಪಿ ತೊಟ್ಟ ಬೆರಳಿಗೆ ತಂತಿಯ ಸ್ಪರ್ಶ ತಿಳಿಯದಾದ್ದರಿಂದ ಬಿಗಿ ಕಡಿಮೆಯಿರುವ ತೆಳು ತಂತಿಗಳನ್ನು ಹಾಕಿಕೊಳ್ಳಬೇಕಾಯಿತು. ಮುಂದೆ 1971ರ ಆಲ್ಬಮ್ಮಿನಲ್ಲಿ ಶ್ರುತಿಯನ್ನೇ ಕೆಳಗಿಳಿಸಿದರು. ಆ ಭಾರದ ನಾದಕ್ಕೆ ಕಾರ್ಖಾನೆಯಲ್ಲಿ ಆದ ಗಾಯವೂ ಕಾರಣ.

ಅತ್ತೆಯವರ ಆತಂಕಕ್ಕೆ ನನ್ನ ಉತ್ತರ ಇಷ್ಟೇ: ಮೊದಲ ಹಾಡಿನಲ್ಲಿ ಗಾಯಕ ಓಝಿ ಆಸ್ಬರ್ನ್ ಕಪ್ಪು ಆಕೃತಿಯನ್ನು ಕಂಡು ಬೆಚ್ಚಿ, ಕಾಪಾಡೆಂದು ದೇವರಿಗೇ ಮೊರೆಯಿಡುತ್ತಾರೆ. ಮಾಟುಂಗದಲ್ಲೋ ಮಾಹಿಮಿನಲ್ಲೋ ಯಕ್ಷಗಾನಕ್ಕೆ ಹೋದಾಗ ರಕ್ಕಸ ವೇಷ ಬಂದರೆ ಮಕ್ಕಳು ತಾಯಿಯ ಸೆರಗು ಹಿಡಿಯುತ್ತವೆ. ಅದನ್ನು ರಕ್ಕಸನ ಪೂಜೆ ಎಂದು ಯಾರೂ ಕರೆಯುವುದಿಲ್ಲ. ಅತ್ತೆಯವರಿಗೆ ಮೊದಲು ಎರಡನೆಯ ಹಾಡು ‘ದಿ ವಿಝರ್ಡ್’ ಕೇಳಿಸಿ; ಅದರಲ್ಲಿ ಮೌತ್ ಆರ್ಗನ್ ಇದೆ.

ಎರಡನೇ ಬದಿಯ ಕೊನೆಯಲ್ಲಿರುವ ಹತ್ತು ನಿಮಿಷಕ್ಕೂ ಮೀರಿದ ‘ವಾರ್ನಿಂಗ್’ ಬೇರೆ ತಂಡದಿಂದ ಎರವಲು ತಂದ ಹಾಡು. ನನಗಂತೂ ಅದು ಎಳೆದಂತೆ ಕಾಣುತ್ತದೆ, ಅಲ್ಲಿ ಸೂಜಿ ಎತ್ತಿಬಿಡುತ್ತೇನೆ. ನಿಮ್ಮಣ್ಣ ತಂದದ್ದು ಯಾವ ಮುದ್ರಣ ಎಂಬ ಕುತೂಹಲವಿದ್ದರೆ ಲೇಬಲ್ಲಿನಲ್ಲಿ ಹಾಡುಗಳ ಪಟ್ಟಿ ನೋಡಿ: ‘ಈವಿಲ್ ವುಮನ್’ ಇದ್ದರೆ ಬ್ರಿಟಿಷ್ ಆವೃತ್ತಿಯ ಪಟ್ಟಿ, ಅದರ ಬದಲು ‘ವಿಕೆಡ್ ವರ್ಲ್ಡ್’ ಇದ್ದರೆ ಅಮೆರಿಕದ್ದು.