ದ್ವೀಪಕ್ಕೆ ಒಂದೇ ಡ್ಯಾಂ: ರಿಪೇರಿನಾ, ಹೊಸದಾ?

ಪ್ರಶ್ನೆ: ಸರ್, ನನ್ನ ಮಗ ಪೋರ್ಟ್ ಬ್ಲೇರ್‌ನಲ್ಲಿ ಕೆಲಸದಲ್ಲಿದ್ದಾನೆ. ಬೇಸಿಗೆ ಬಂದರೆ ಅಲ್ಲೂ ನಲ್ಲಿ ನೀರಿಗೆ ಕಾಯಬೇಕಂತೆ. ಸುತ್ತ ಸಮುದ್ರ, ಮಳೆಯೂ ನಮಗಿಂತ ಜಾಸ್ತಿ. ಹಾಗಿದ್ದೂ ಒಂದು ಹಳೆ ಡ್ಯಾಂ ನೆಚ್ಚಿಕೊಂಡು ಕೂರುವುದೇಕೆ? ಹೊಸದು ಕಟ್ಟಿದರೆ ಆಗೋದಿಲ್ವಾ?
– ನಿಟ್ಟುವಳ್ಳಿ, ದಾವಣಗೆರೆ

ಮಳೆ ಜಾಸ್ತಿ ಅನ್ನುವುದು ನಿಜ. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಬೀಳುತ್ತದೆ, ನಮ್ಮ ದಾವಣಗೆರೆಯ ನಾಲ್ಕು ಪಟ್ಟಿಗಿಂತ ಹೆಚ್ಚು. ಆದರೆ ಅಲ್ಲಿ ಗುಡ್ಡದಿಂದ ಕಡಲಿಗೆ ದೂರವೇ ಇಲ್ಲ. ಬಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ಉಪ್ಪಿಗೆ ಸೇರಿಬಿಡುತ್ತದೆ, ಜನವರಿಯಿಂದ ಏಪ್ರಿಲ್‌ವರೆಗೆ ಹಳ್ಳಗಳು ಬಡವಾಗುತ್ತವೆ. ನಮ್ಮ ಕಥೆ ಬೇರೆ. ಇಲ್ಲಿ ಮಳೆ ಕೈಕೊಟ್ಟರೂ ಮಲೆನಾಡಿನಲ್ಲಿ ಬಿದ್ದದ್ದು ಭದ್ರಾ ಕಾಲುವೆಯಲ್ಲಿ ಬಂದು ಕುಂದವಾಡ ಕೆರೆ ತುಂಬುತ್ತದೆ, ರಾಜನಹಳ್ಳಿ ಹತ್ತಿರ ತುಂಗಭದ್ರೆಯಿಂದಲೂ ಎತ್ತುತ್ತೇವೆ. ದ್ವೀಪಕ್ಕೆ ಪಕ್ಕದ ಜಿಲ್ಲೆ ಅಂತ ಒಂದಿಲ್ಲ, ಅಲ್ವಾ? ಬೋರು ಹಾಕಿ ಸಿಕ್ಕಾಪಟ್ಟೆ ಎತ್ತಿದರೆ ಕಡಲ ನೀರು ಒಳಗೆ ನುಗ್ಗಿ ಬಾವಿಯೆಲ್ಲ ಉಪ್ಪಾಗುತ್ತದೆ. ಸಮುದ್ರದ ನೀರನ್ನೇ ಸಿಹಿ ಮಾಡಬಹುದು, ಆದರೆ ಒಳ್ಳೆಯ ಪ್ಲಾಂಟಿಗೂ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ಕರೆಂಟು ಬೇಕು. ಹಾಗಾಗಿ 1973ರಲ್ಲಿ ಕಟ್ಟಿದ ಧನಿಖಾರಿ ಡ್ಯಾಂ ಪೋರ್ಟ್ ಬ್ಲೇರ್‌ಗೆ ಇವತ್ತಿಗೂ ಅಷ್ಟು ಮುಖ್ಯ. ಹೊಸದಕ್ಕೆ ಜಾಗ ಬೇಕಲ್ಲ. ಸಣ್ಣ ದ್ವೀಪದಲ್ಲಿ ಒಳ್ಳೆಯ ಕಣಿವೆ ಒಂದೋ ಎರಡೋ ಇರುತ್ತವೆ. ಅಲ್ಲಿ ಆಗಲೇ ಡ್ಯಾಂ ನಿಂತಿರುತ್ತದೆ.

ಅದಕ್ಕೇ ನಾನು ರಿಪೇರಿಯ ಪರ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಜರ್ಸಿ ದ್ವೀಪದ್ದು. ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವಿನ ಕಡಲಲ್ಲಿ, ಫ್ರಾನ್ಸಿಗೇ ಹತ್ತಿರವಾಗಿ ಇದೆ. ಅಲ್ಲಿ 1957ರಿಂದ 1962ರ ನಡುವೆ ವಾಲ್ ಡೆ ಲಾ ಮಾರ್ ಎಂಬ ಕಾಂಕ್ರೀಟ್ ಡ್ಯಾಂ ಕಟ್ಟಿದರು. ಹತ್ತು ವರ್ಷ ಆಗಿರಲಿಲ್ಲ, 1971ರಲ್ಲಿ ಡ್ಯಾಂ ಮೇಲಿನ ಕಂಬಿಸಾಲು ಒಂದು ಕಡೆ ಕೊಂಚ ಸೊಟ್ಟಗಾಗಿದ್ದು ಕಣ್ಣಿಗೆ ಬಿತ್ತು. ಡ್ಯಾಂ ಅಂದರೆ ಒಂದೇ ಗೋಡೆಯಲ್ಲ, ಪಕ್ಕಪಕ್ಕ ನಿಂತ ದೊಡ್ಡ ದೊಡ್ಡ ಬ್ಲಾಕ್‌ಗಳು. ಕೆಲವು ಬ್ಲಾಕ್ ಪಕ್ಕದವಕ್ಕಿಂತ ಅಲುಗಿದ್ದವು. ಅಲ್ಲಲ್ಲಿ ತೇವದ ಕಲೆ, ಸಣ್ಣ ಬಿರುಕು. ಕೊರೆದು ನೋಡಿದರೆ ಒಳಗೆ ಕಾಂಕ್ರೀಟೇ ಉಬ್ಬುತ್ತಿತ್ತು! ಸಿಮೆಂಟಿನಲ್ಲಿರುವ ಕ್ಷಾರಕ್ಕೂ ಕೆಲವು ಜಾತಿಯ ಜಲ್ಲಿಯಲ್ಲಿರುವ ಸಿಲಿಕಾಕ್ಕೂ ತೇವ ಸಿಕ್ಕಿದರೆ ಒಂದು ಅಂಟು ಹುಟ್ಟುತ್ತದೆ, ಆ ಅಂಟು ನೀರು ಕುಡಿದು ನೆನೆಸಿದ ಕಡಲೆಯ ಹಾಗೆ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬ್ರಿಟನ್ ಕಡೆ ಈ ರೋಗ ಮೊದಲು ಪತ್ತೆಯಾದದ್ದು ಈ ಡ್ಯಾಂನಲ್ಲೇ.

ಒಡೆದು ಹಾಕಲಿಲ್ಲ. ಹಾಳಾದ ಬ್ಲಾಕ್‌ಗಳಿಗೆ ಮೇಲಿಂದ ತೂತು ಕೊರೆದು, ಉಕ್ಕಿನ ಸರಳು ಇಳಿಸಿ, ಕೆಳಗಿನ ಬಂಡೆಗೆ ಬಿಗಿದರು. ಡ್ಯಾಂ ಅಡಿಗೆ ನುಸುಳಿದ ನೀರು ಅದನ್ನು ಮೇಲಕ್ಕೆ ಒತ್ತುತ್ತಿರುತ್ತದೆ, ಆ ಒತ್ತಡ ಇಳಿಯಲಿ ಅಂತ ನೀರು ಹೊರಹೋಗುವ ದಾರಿಗಳನ್ನೂ ಮಾಡಿದರು. ಆಮೇಲೆ ಅಳತೆಯ ಉಪಕರಣ ಕೂರಿಸಿ ವರ್ಷಗಟ್ಟಲೆ ಕಾದು ನೋಡಿದರು. ಅದೇ ಡ್ಯಾಂ ಇವತ್ತಿಗೂ ಜರ್ಸಿಯ ಜನಕ್ಕೆ ಕುಡಿಯುವ ನೀರು ಕೊಡುತ್ತಿದೆ. ಸೊಟ್ಟಗಾದ ಕಂಬಿಯನ್ನು ನೋಡಿ ಯಾರೋ ಸುಮ್ನೆ ಬಣ್ಣ ಹೊಡೆಸಿ ಹೋಗಿದ್ದರೆ ಏನಾಗುತ್ತಿತ್ತೋ ಯೋಚಿಸಿ.

ನೀರು ಪೂರ್ತಿ ಖಾಲಿ ಮಾಡದೆ ರಿಪೇರಿ ಸಾಧ್ಯವಾ ಅಂತ ಅನುಮಾನ ಬಂದರೆ ನಮ್ಮ ಹೊಸಪೇಟೆಯನ್ನೇ ನೆನಪಿಸಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದೇ ವಾರದಲ್ಲಿ ನೀರು ನಿಲ್ಲಿಸಿದರು. ಆದರೆ ಅಷ್ಟರೊಳಗೆ ಎಷ್ಟೊಂದು ನೀರು ಹೊಳೆ ಪಾಲಾಯಿತು. ಬೇರೆ ಆಸರೆ ಇಲ್ಲದ ದ್ವೀಪಕ್ಕೆ ಅಂಥ ಒಂದು ವಾರ ಬಂದರೆ ಮುಂದಿನ ಮಳೆಗಾಲದವರೆಗೂ ತೊಂದರೆ.

ಪ್ರಶ್ನೆ: ನಮ್ಮ ಮಾರಿಕಣಿವೆಗೂ ನೂರು ವರ್ಷ ದಾಟಿದೆ. ಅದಕ್ಕೂ ಇಂಥ ಕಾಯಿಲೆ ಬರುತ್ತಾ?
– ಹಿರಿಯೂರು

ಈ ಕಾಯಿಲೆ ಬರುವುದಿಲ್ಲ. ಮಾರಿಕಣಿವೆ ಡ್ಯಾಂ, ಅಂದರೆ ವಾಣಿವಿಲಾಸ ಸಾಗರ, ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಅದು ಕಲ್ಲು ಮತ್ತು ಗಾರೆಯ ಕಟ್ಟಡ. ಗಾರೆಗೆ ಬೇರೆ ಚಿಂತೆ: ಒಸರುವ ನೀರು ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಒಯ್ಯುತ್ತದೆ. ಹಳೆ ಕಲ್ಲಿನ ಡ್ಯಾಂಗಳ ಹಿಂಬದಿಯಲ್ಲಿ ಬಿಳಿ ಗೆರೆ ಇಳಿದಿರುತ್ತದಲ್ಲ, ಅದೇ ಅದರ ಗುರುತು. ಮದ್ದು ಎಂದರೆ ಗ್ರೌಟಿಂಗ್, ಅಂದರೆ ರಂಧ್ರ ಕೊರೆದು ತೆಳು ಸಿಮೆಂಟ್ ಹಾಲನ್ನು ಒತ್ತಡದಿಂದ ಒಳಗೆ ತುಂಬುವುದು. 1933ರ ನಂತರ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಕೋಡಿ ಬಿತ್ತು. 130 ಅಡಿ ನೀರು ನಿಂತಾಗ ಗೋಡೆ ಹೇಗಿದೆ ಅಂತ ಪರೀಕ್ಷಿಸಲು ಇಂಥ ವರ್ಷಗಳೇ ಸರಿಯಾದ ಕಾಲ. ಬಾಗಿನ ಕೊಡುವ ದಿನ ಮೇಲೆ ನಿಂತು ಫೋಟೊ ತೆಗೆಯುವವರು ಕೆಳಗಿಳಿದು ಹಿಂಬದಿಯನ್ನೂ ಒಮ್ಮೆ ನೋಡಿದರೆ ಎಷ್ಟು ಚೆನ್ನ.

ಪ್ರಶ್ನೆ: ರಿಪೇರಿ ಜೊತೆಗೆ ಎತ್ತರವನ್ನೂ ಹೆಚ್ಚಿಸಬಹುದಾ?
– ಹೊಳಲ್ಕೆರೆ

ಬಹುದು. ಸೇಶೆಲ್ಸ್‌ನ ಮಾಹೆ ದ್ವೀಪದಲ್ಲಿ ಲಾ ಗೋಗ್ ಡ್ಯಾಂ ಎತ್ತರವನ್ನು 6 ಮೀಟರ್ ಏರಿಸುವ ಯೋಜನೆ ಮಾಡಿದ್ದು ಇದಕ್ಕೇ. ಸಂಗ್ರಹ 10 ಲಕ್ಷ ಘನ ಮೀಟರ್‌ನಿಂದ 16 ಲಕ್ಷಕ್ಕೆ ಏರಬೇಕು ಅನ್ನುವುದು ಲೆಕ್ಕ. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಕೆಲವು ಮೀಟರಿನಲ್ಲೇ ನೀರು ಜಾಸ್ತಿ ಹಿಡಿಯುತ್ತದೆ. ನಮ್ಮ ಮಾರಿಕಣಿವೆ ಅಂಥ 500 ಡ್ಯಾಂಗಳಿಗಿಂತ ಹೆಚ್ಚು ನೀರು ಹಿಡಿಯುತ್ತದೆ, ಆದರೂ ಆ ದ್ವೀಪದವರಿಗೆ ಆ ಆರು ಲಕ್ಷವೇ ದೊಡ್ಡದು. ಹಳೆ ಬುನಾದಿ ಹೊಸ ಭಾರ ತಡೆಯುತ್ತದಾ ಅನ್ನುವುದನ್ನು ಮೊದಲು ನೋಡಬೇಕು.

ಪ್ರಶ್ನೆ: ಸೂಳೆಕೆರೆಯಂಥ ಮಣ್ಣಿನ ಏರಿಯ ಕೆಳಗೆ ಒಸರು ಕಂಡರೆ ಹೆದರಬೇಕಾ?
– ಚನ್ನಗಿರಿ

ತಿಳಿ ನೀರು ಸಣ್ಣಗೆ, ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಗಾಬರಿ ಬೇಡ. ನೀರು ರಾಡಿಯಾದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚಿದರೆ, ಏರಿಯ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ ಅರ್ಥ. ಒಂದು ಗಾಜಿನ ಲೋಟದಲ್ಲಿ ಹಿಡಿದು ಅರ್ಧ ಗಂಟೆ ಬಿಡಿ. ತಳದಲ್ಲಿ ಮಣ್ಣು ಕೂತರೆ ಫೋಟೊ ತೆಗೆದು ಅದೇ ದಿನ ನೀರಾವರಿ ಎಂಜಿನಿಯರಿಗೂ ತಹಶೀಲ್ದಾರರಿಗೂ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.