ಬೆನ್ನಿನಿಂದ ನೀರು ತೆಗೆಸಲು ತಡಮಾಡಬೇಡಿ

ತಮ್ಮನಿಗೆ ಮೆದುಳಿನ ಕ್ಷಯದ ಅನುಮಾನವಿದೆ, ಬೆನ್ನಿನಿಂದ ನೀರು ತೆಗೆದು ನೋಡಬೇಕೆಂದು ವೈದ್ಯರು ಹೇಳಿದ್ದಾರೆ, ಸೊಂಟದ ಸ್ವಾಧೀನ ಹೋದೀತೆಂದು ಹಿರಿಯರು ಬೇಡವೆನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಇವತ್ತೇ ಮಾಡಿಸಿ. ಇದೇ ಭಯಕ್ಕೆ ನಾವು ಎರಡು ದಿನ ಕಳೆದುಕೊಂಡೆವು.

ನನ್ನ ತಂಗಿಗೆ ಮೊದಲು ಬಂದದ್ದು ಸಂಜೆ ಹೊತ್ತಿನ ಸಣ್ಣ ಜ್ವರ, ತಲೆನೋವು. ಕೆಮ್ಮು ಇರಲೇ ಇಲ್ಲ, ಹಾಗಾಗಿ ಕ್ಷಯವೆಂದು ಯಾರಿಗೂ ಹೊಳೆಯಲಿಲ್ಲ. ಟೈಫಾಯಿಡ್ ಎಂದುಕೊಂಡು ಹದಿನೈದು ದಿನ ಮಾತ್ರೆ ನುಂಗಿಸಿದೆವು. ಆಮೇಲೆ ವಾಂತಿ, ಕಾರಣವಿಲ್ಲದ ಸಿಡುಕು. ಒಂದು ಸಂಜೆ ದೇವರ ಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಎರಡು ದೀಪ ಯಾಕೆ ಹಚ್ಚಿದ್ದೀಯ?" ಎಂದಳು. ಉರಿಯುತ್ತಿದ್ದದ್ದು ಒಂದೇ. ಮೆದುಳಿನ ಪೊರೆಗೆ ಊತ ಬಂದು, ಕಣ್ಣು ಹೊರಳಿಸುವ ನರ ಸೋತಿತ್ತು.

ಸೂಜಿ ಚುಚ್ಚುವುದು ಸೊಂಟದ ಬಳಿ, ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ. ಕೈಕಾಲು ಬೀಳುವುದು ಈ ಸೂಜಿಯಿಂದಲ್ಲ, ಕಾಯಿಲೆ ಬೆಳೆಯಲು ಬಿಡುವುದರಿಂದ. ತಂಗಿಯ ನೀರಿನಲ್ಲಿ ಸಕ್ಕರೆ ಕಡಿಮೆ, ಪ್ರೋಟೀನ್ ವಿಪರೀತ, ಎರಡೂ ಕ್ಷಯದ ಅನುಮಾನವನ್ನೇ ಬಲಪಡಿಸಿದವು. ರೋಗಾಣುವಿನ ವಂಶವಾಹಿ ಹುಡುಕುವ ಸಿಬಿನಾಟ್ ಪರೀಕ್ಷೆಯಲ್ಲಿ ಮಾತ್ರ ಕ್ಷಯದ ರೋಗಾಣು ಸಿಗಲಿಲ್ಲ. ಸಿಗದಿದ್ದರೆ ಕ್ಷಯವಿಲ್ಲವೆಂದು ದಯವಿಟ್ಟು ಸಮಾಧಾನಪಡಬೇಡಿ, ಆ ನೀರಿನಲ್ಲಿ ಅವು ಇರುವುದೇ ಬಹಳ ವಿರಳ. ವೈದ್ಯರು ಕಾಯದೆ ಅಂದೇ ಔಷಧ ಶುರು ಮಾಡಿದರು. ಅವಳು ಉಳಿದದ್ದು ಅದರಿಂದ ಎಂದೇ ನಾನು ನಂಬಿದ್ದೇನೆ.

ಮೊದಲ 2 ತಿಂಗಳು ನಾಲ್ಕು ಬಗೆಯ ಔಷಧ, ಆಮೇಲೆ 10 ತಿಂಗಳು ಮೂರು ಬಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ, ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಯೋಜನೆಯಲ್ಲಿ ಈಗ ತಿಂಗಳಿಗೆ 1000 ರೂಪಾಯಿ ಕೊಡುತ್ತಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಈ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನ ಬಣ್ಣ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ತಕ್ಷಣ ತೋರಿಸಿ. ಊತ ಇಳಿಸಲು ಸ್ಟೀರಾಯ್ಡ್ ಕೊಡುತ್ತಾರೆ, ಅದನ್ನು ವಾರವಾರಕ್ಕೆ ಇಳಿಸುವವರು ವೈದ್ಯರೇ ಆಗಬೇಕು. ಮೂರನೆಯ ತಿಂಗಳಿಗೆ ತಂಗಿ ಚೆನ್ನಾಗಿ ಉಣ್ಣತೊಡಗಿದಾಗ, "ಇನ್ನು ಮಾತ್ರೆ ಸಾಕಲ್ಲವೇ" ಎಂದು ಅಮ್ಮನೇ ಕೇಳಿದ್ದರು. ಅಲ್ಲಿ ನಿಲ್ಲಿಸಿದ್ದರೆ ಕಾಯಿಲೆ ಮರುಕಳಿಸುತ್ತಿತ್ತು.

ಈಗ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಬಲಕ್ಕೆ ಹೊರಳಿ ನೋಡಿದರೆ ಇಂದಿಗೂ ಒಂದು ಎರಡಾಗಿ ಕಾಣುತ್ತದೆ. ನೀವು ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಹಿರಿಯರಿಗೆ ಆಮೇಲೆ ತಿಳಿಸಿ ಹೇಳಿದರಾಯಿತು.