ಎರೆ ಹೊಲದಲ್ಲಿ ಕುರಿ ಶೆಡ್: ಯಾವ ಪೈಪ್ ಹಾಕಿದರೆ ಬೇಸಿಗೆಯ ಗಾಳಿಗೆ ತಡೆಯುತ್ತದೆ?

ಎರಡೂವರೆ ಇಂಚಿನ ಪೈಪ್ ಹಾಕಲೋ, ಮೂರಿಂಚಿನದು ಹಾಕಲೋ, ಇಲ್ಲಾ ಕಲ್ಲು ಕಂಬವೇ ಗಟ್ಟಿಯೋ ಅಂತ ಕೇಳಿದ್ದೀರಿ. ನಿಮ್ಮದು ಸಿಂಧನೂರು ಕಡೆಯ ಎರೆ (ಕಪ್ಪು ಮಣ್ಣಿನ) ಹೊಲ, 20 ಅಡಿ ಅಗಲ, 40 ಅಡಿ ಉದ್ದ, ಮೇಲೆ ತಗಡು. ನನ್ನದೂ ಅದೇ ಅಳತೆ, ಅದೇ ಎರೆ ಮಣ್ಣು, ಊರು ಮಾತ್ರ ಯಲಬುರ್ಗಾ ತಾಲ್ಲೂಕು. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೊಪ್ಪಳದ ಅಂಗಡಿ ಅಂಗಡಿ ಸುತ್ತಿ, ಕೊನೆಗೆ ಮೂರಿಂಚಿನ ದಪ್ಪ ಪೈಪನ್ನೇ ತಂದೆ. ಆ ಪೈಪುಗಳಲ್ಲಿ ಒಂದೂ ಮುರಿಯಲಿಲ್ಲ, ಒಂದೂ ಬಾಗಲಿಲ್ಲ. ಆದರೂ ಶೆಡ್ ಎದ್ದು ಹೋಗಿ ಪಕ್ಕದ ಹೊಲದಲ್ಲಿ ಬಿತ್ತು.

ಕೃತ್ತಿಕಾ ಮಳೆಯ ಕಾಲ ಅದು, ಮೇ ತಿಂಗಳು. ಸಂಜೆ ಪಶ್ಚಿಮಕ್ಕೆ ಧೂಳು ಗೋಡೆಯಂತೆ ಎದ್ದಿತು. ಕುರಿಗಳೆಲ್ಲ ಇನ್ನೂ ಮೇವಿನಿಂದ ಬಂದಿರಲಿಲ್ಲ, ಒಳಗೆ ಗಬ್ಬದ ಕುರಿಗಳು, ಮರಿಗಳು ಮಾತ್ರ ಇದ್ದವು. ಮಳೆ ಶುರುವಾಗುವ ಮೊದಲೇ ಗಾಳಿ ಹೊಡೆಯಿತು. ತಗಡು ಹರಿದು ಹಾರಿದ್ದಲ್ಲ. ತಗಡು, ಪೈಪು, ಕಂಬ ಎಲ್ಲ ಸೇರಿ ಇಡೀ ಚಪ್ಪರ ಒಂದು ಕಡೆಯಿಂದ ಮೇಲೆದ್ದಿತು. ಎರಡು ಗಬ್ಬದ ಕುರಿ ಸತ್ತವು. ಆ ಸಾವು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ, ಯಾಕೆಂದರೆ ತಪ್ಪು ನೆಲದೊಳಗಿತ್ತು, ನಾನು ದುಡ್ಡು ಸುರಿದದ್ದು ನೆಲದ ಮೇಲೆ.

ಮರುದಿನ ನೋಡಿದರೆ ಕಂಬಗಳು ಬುಡದ ಕಾಂಕ್ರೀಟ್ ಗಡ್ಡೆ ಸಮೇತ ಮೂಲಂಗಿ ಕಿತ್ತ ಹಾಗೆ ಬಂದಿದ್ದವು. ಗಡ್ಡೆ ಒಡೆದಿರಲಿಲ್ಲ, ಅದಕ್ಕೆ ಮಣ್ಣೂ ಅಂಟಿರಲಿಲ್ಲ. ಕೀಳದೆ ಉಳಿದಿದ್ದ ಒಂದು ಕಂಬದ ಹತ್ತಿರ ಕೂತು ನೋಡಿದೆ. ಕಾಂಕ್ರೀಟಿನ ಸುತ್ತ ಮಣ್ಣು ಎರಡು ಬೆರಳು ಅಗಲ ಬಿಟ್ಟುಕೊಂಡಿತ್ತು. ಒಂದು ಜೋಳದ ದಂಟು ತೆಗೆದು ಆ ಸಂದಿಗೆ ಇಳಿಸಿದೆ. ಎಲ್ಲೂ ತಡೆಯದೆ ಸೀದಾ ಗಡ್ಡೆಯ ತಳದವರೆಗೂ ಹೋಯಿತು. ಕಂಬವನ್ನು ಮಣ್ಣು ಹಿಡಿದಿರಲೇ ಇಲ್ಲ. ಅದು ಗುಂಡಿಯಲ್ಲಿ ಸುಮ್ನೆ ನಿಂತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ಶೆಡ್ ಇದರ ಮೇಲೆಯೇ ನಿಂತಿದೆ. ನಾನು ಗುಂಡಿ ತೋಡಿಸಿದ್ದು ಮಳೆಗಾಲದಲ್ಲಿ, ಮಣ್ಣು ಮೆತ್ತಗಿದೆ, ಕೂಲಿ ಕಡಿಮೆಯಾಗುತ್ತದೆ ಅಂತ. ಒಂದಡಿ ಚೌಕ, ಎರಡಡಿ ಆಳ. ಗೌಂಡಿ ‘ಎರಡಡಿ ಸಾಕ್ರೀ ಅಣ್ಣಾರ, ಆನಿ ಎಳದ್ರೂ ಬರಂಗಿಲ್ಲ’ ಅಂದ. ಆ ಹೊತ್ತಿಗೆ ಅವನ ಮಾತು ಸುಳ್ಳಲ್ಲ. ನೀರು ಕುಡಿದ ಎರೆ ಉಬ್ಬಿ ಕಾಂಕ್ರೀಟನ್ನು ಒತ್ತಿ ಹಿಡಿಯುತ್ತದೆ. ನಾವಿಬ್ಬರೂ ಕಂಬ ಅಲುಗಾಡಿಸಿ ನೋಡಿದೆವು, ಕದಲಲಿಲ್ಲ. ಆದರೆ ಎರೆ ನೀರು ಬಿಟ್ಟಾಗ ಅಷ್ಟೇ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ನಮ್ಮ ಕಡೆ ಆ ಬಿರುಕು ಅತಿ ಅಗಲ ಆಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ. ಗುಡುಗು ಗಾಳಿ ಬರುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಗಾಳಿ ಅತಿ ಜೋರಾಗಿ ಎಳೆಯುವ ಹೊತ್ತಿಗೇ ಮಣ್ಣು ಕೈ ಬಿಟ್ಟಿರುತ್ತದೆ. ಮಳೆಗಾಲದಲ್ಲಿ ಕಂಬ ಅಲುಗಾಡಿಸಿ ಗಟ್ಟಿ ಇದೆ ಅಂತ ನಂಬಿದ್ದೇ ನನ್ನ ತಪ್ಪು.

ಮಣ್ಣು ಬಿಟ್ಟ ಮೇಲೆ ಕಂಬವನ್ನು ಹಿಡಿದಿಡುವುದು ಬರೀ ತೂಕ. ಅದನ್ನು ಲೆಕ್ಕ ಹಾಕಿ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಅಡಿಗೆ ನಾಲ್ಕು ಕೆಜಿಗಿಂತ ಜಾಸ್ತಿ. ಅರ್ಧ ಮಿಲಿಮೀಟರ್ ತಗಡಿನ ತೂಕ ಚದರ ಅಡಿಗೆ ಅರ್ಧ ಕೆಜಿಯೂ ಇಲ್ಲ. ಗಾಳಿ ಕೆಳಗಿಂದ ನುಗ್ಗಿ ಒತ್ತುತ್ತದೆ, ಮೇಲಿಂದ ಹರಿದು ಎಳೆಯುತ್ತದೆ. ಕೆಟ್ಟ ಹೊಡೆತದಲ್ಲಿ 800 ಚದರ ಅಡಿ ಚಪ್ಪರಕ್ಕೆ ಮೂರೂವರೆ ಟನ್ನಿನಷ್ಟು ಮೇಲ್ಮುಖ ಎಳೆತ ಬರುತ್ತದೆ. ಹತ್ತು ಕಂಬಕ್ಕೆ ಹಂಚಿದರೆ ತಲಾ 350 ಕೆಜಿ, ಮೂಲೆಯ ಕಡೆ ಇನ್ನೂ ಜಾಸ್ತಿ. ಕಾಂಕ್ರೀಟ್ ಒಂದು ಘನ ಅಡಿಗೆ ಸುಮಾರು 68 ಕೆಜಿ. ನನ್ನ ಎರಡು ಘನ ಅಡಿ ಗಡ್ಡೆ ಸುಮಾರು 136 ಕೆಜಿ. ತಗಡು, ಪೈಪ್ ಎಲ್ಲ ಸೇರಿಸಿದರೂ ಕಂಬಕ್ಕೆ ಇನ್ನು ನೂರು ಕೆಜಿ ಬರುವುದಿಲ್ಲ. ಎಲ್ಲಿ ಸಾಲುತ್ತೆ ಹೇಳಿ? ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನೂ ಮರೆಯಬೇಡಿ.

ಹಾಗಾಗಿ ಎರಡೂವರೆಯೋ ಮೂರೋ ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಎರಡೂವರೆ ಇಂಚಿನ ಒಳ್ಳೆಯ ಪೈಪ್ ತನ್ನಿ, ಉಳಿದ ದುಡ್ಡನ್ನು ನೆಲದೊಳಗೆ ಹಾಕಿ. ಎರಡನೇ ಸಲ ನಾನು ಮಾಡಿದ್ದು ಹೀಗೆ. ಗುಂಡಿಯನ್ನು ಬೇಸಿಗೆಯಲ್ಲೇ ತೋಡಿಸಿದೆ. ಬಿರುಕು ಎಷ್ಟು ಆಳಕ್ಕೆ ಇಳಿದಿದೆ ಅಂತ ಆಗ ಕಣ್ಣಿಗೇ ಕಾಣುತ್ತದೆ, ಅದಕ್ಕಿಂತ ಕೆಳಗೆ ಹೋಗಬೇಕು. ನಮ್ಮಲ್ಲಿ ಐದಡಿಗೆ ಗರಸು, ಅಂದರೆ ಜಲ್ಲಿ ಬೆರೆತ ಗಟ್ಟಿ ಮಣ್ಣು ಸಿಕ್ಕಿತು. ಎರಡೂವರೆ ಅಡಿ ಚೌಕದ ಗುಂಡಿ. ತಳದಲ್ಲಿ ಕಬ್ಬಿಣದ ಜಾಲಿ ಹಾಕಿ ಪೂರ್ತಿ ಅಗಲಕ್ಕೆ ಒಂದಡಿ ದಪ್ಪ ಕಾಂಕ್ರೀಟ್, ಅದರ ಮೇಲೆ ಕಂಬದ ಸುತ್ತ ಒಂದಡಿ ಚೌಕದಲ್ಲಿ ನೆಲದವರೆಗೆ. ಇಷ್ಟಕ್ಕೇ ಸುಮಾರು 700 ಕೆಜಿ ಆಗುತ್ತದೆ. ಸುತ್ತ ಉಳಿದ ಜಾಗಕ್ಕೆ ತೋಡಿದ ಎರೆ ಮಣ್ಣನ್ನು ವಾಪಸ್ ಹಾಕಲೇಬೇಡಿ. ಗರಸು ಹಾಕಿ ನೀರು ಹೊಡೆದು ದಮ್ಮಸ್ ಮಾಡಿಸಿ. ಗರಸು ಎರೆಯ ಹಾಗೆ ಕುಗ್ಗುವುದಿಲ್ಲ, ತಳದ ಅಗಲದ ಮೇಲೆ ಕೂತು ತಾನೂ ಭಾರ ಹಾಕುತ್ತದೆ. ಎರೆ ನೆಲದ ಕಟ್ಟಡಗಳಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಉಬ್ಬಿದ, ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಪೈಲ್‌ಗಳನ್ನು ಬಳಕೆಗೆ ತಂದದ್ದರ ಹಿಂದೆಯೂ ಇದೇ ವಿಚಾರ ಇದೆ: ಮೇಲಿನ ಮಣ್ಣನ್ನು ನಂಬದೆ ಕೆಳಗೆ ಹೋಗಿ ಅಗಲವಾಗಿ ಕೂರುವುದು.

ಕಂಬದ ತುದಿಗೆ ಎರಡು ರಾಡ್ ಅಡ್ಡಡ್ಡ ವೆಲ್ಡಿಂಗ್ ಮಾಡಿಸಿ ಕಾಂಕ್ರೀಟಿನಲ್ಲಿ ಹೂಳಿ, ಇಲ್ಲದಿದ್ದರೆ ನುಣುಪಾದ ಪೈಪ್ ಗಡ್ಡೆಯಿಂದಲೇ ಜಾರಿ ಬರಬಹುದು. ಕಾಂಕ್ರೀಟನ್ನು ನೆಲಕ್ಕಿಂತ ಅರ್ಧ ಅಡಿ ಮೇಲೆ ತಂದು ಇಳಿಜಾರು ಮಾಡಿ. ಕುರಿಯ ಉಚ್ಚೆ ನಿಂತ ಕಡೆ ಪೈಪ್ ತುಕ್ಕು ಹಿಡಿಯುವುದು ಸರಿಯಾಗಿ ಆ ನೆಲದ ಗೆರೆಯಲ್ಲೇ.

ಕಲ್ಲು ಕಂಬ ನನಗೆ ಬೇಡ. ಬೇಲಿಗೆ, ದಾಳಿಂಬೆ ತೋಟಕ್ಕೆ ಅದು ಸರಿ. ಭಾರ ಹೊರುತ್ತದೆ, ಆದರೆ ಪಕ್ಕದಿಂದ ತಳ್ಳಿದರೆ ಬುಡದಲ್ಲಿ ಮುರಿಯುತ್ತದೆ, ಮೇಲಿನ ಪೈಪನ್ನು ಅದಕ್ಕೆ ಗಟ್ಟಿಯಾಗಿ ಬಿಗಿಯುವುದೂ ಕಷ್ಟ. ಬಳ್ಳಾರಿ ಜಾಲಿಯ ಕಂಬ ಅಗ್ಗ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬುಡಕ್ಕೆ ಗೆದ್ದಲು ಹತ್ತಿದ ಮೇಲೆ ಗೊತ್ತಾಗುತ್ತದೆ.

ನೀವು ಮಳೆ ಎರಚಲು ಬರಬಾರದು ಅಂತ ಪಶ್ಚಿಮದ ಕಡೆ ಪೂರ್ತಿ ತಗಡು ಹೊಡೆಯುವುದಾಗಿ ಬರೆದಿದ್ದೀರಿ. ದಯವಿಟ್ಟು ಬೇಡ. ಗುಡುಗು ಮಳೆಯ ಗಾಳಿ ಯಾವ ದಿಕ್ಕಿನಿಂದ ಬೇಕಾದರೂ ತಿರುಗುತ್ತದೆ. ಪೂರ್ವದಿಂದ ನುಗ್ಗಿ ಆ ತಗಡಿಗೆ ಬಡಿದರೆ ಹೊರಗೆ ಹೋಗಲು ದಾರಿ ಇಲ್ಲದೆ ಚಪ್ಪರವನ್ನೇ ಎತ್ತುತ್ತದೆ. ಉದ್ದವನ್ನು ಪೂರ್ವ ಪಶ್ಚಿಮಕ್ಕೆ ಇಡಿ, ಬಿಸಿಲೂ ಒಳಗೆ ಕಡಿಮೆ ಬರುತ್ತದೆ. ಎರಚಲಿಗೆ ಮೂರಡಿ ಗೋಡೆ, ಅದರ ಮೇಲೆ ಬೇಕಾದಾಗ ಇಳಿಬಿಡುವ ಪರದೆ ಸಾಕು. ಸೂರನ್ನು ಎರಡಡಿಗಿಂತ ಹೊರಗೆ ಚಾಚಬೇಡಿ.

ತಗಡಿಗೆ ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿಸಿ. ಅಂಚುಗಳಲ್ಲಿ, ಮೂಲೆಗಳಲ್ಲಿ ಒತ್ತಾಗಿ, ಪ್ರತಿ ಉಬ್ಬಿಗೂ ಒಂದು. ಗಾಳಿ ಮೊದಲು ಬಿಚ್ಚುವುದು ಅಂಚನ್ನೇ. ತಗಡಿನ ಮೇಲೆ ಕಲ್ಲು ಹೇರುವುದನ್ನು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ, ನೀವು ಮಾಡಬೇಡಿ. ತಗಡು ಎದ್ದರೆ ಆ ಕಲ್ಲು ಬೀಳುವುದು ಕುರಿಯ ಮೇಲೆ. ಶೆಡ್ಡಿನ ಎರಡೂ ತುದಿಯ ಅಂಕಣಗಳಲ್ಲಿ ಕಂಬದಿಂದ ಕಂಬಕ್ಕೆ ಕತ್ತರಿಯಾಗಿ ಕಬ್ಬಿಣದ ಆಂಗಲ್ ಪಟ್ಟಿ ಕೊಡಿಸಿ, ಇಲ್ಲದಿದ್ದರೆ ಶೆಡ್ ಉದ್ದಕ್ಕೆ ಓಲುತ್ತದೆ.

ಈಗಾಗಲೇ ಕಂಬ ನಿಲ್ಲಿಸಿಬಿಟ್ಟಿದ್ದರೆ ಕೀಳಿಸಬೇಡಿ. ಕಂಬಗಳ ಬುಡವನ್ನು ನೆಲಮಟ್ಟದಲ್ಲಿ ಸುತ್ತಲೂ ಒಂದು ಕಾಂಕ್ರೀಟ್ ಬೆಲ್ಟಿನಿಂದ ಜೋಡಿಸಿ, ಅದರ ಕೆಳಗೆ ಎರೆ ತಾಗದಂತೆ ಅರ್ಧ ಅಡಿ ಮರಳು ಹಾಸಿ. ಬೆಲ್ಟಿನ ಸರಳನ್ನು ಪ್ರತಿ ಕಂಬಕ್ಕೂ ವೆಲ್ಡಿಂಗ್ ಮಾಡಿಸಿ. ಆಗ ಒಂದು ಕಂಬ ಏಳಬೇಕಾದರೆ ಅಕ್ಕಪಕ್ಕದ ಬೆಲ್ಟಿನ ಭಾರವನ್ನೂ ಎತ್ತಬೇಕಾಗುತ್ತದೆ. ಗುಂಡಿ ಇನ್ನೂ ತೋಡಿಲ್ಲದಿದ್ದರೆ ಗರಸು ಎಷ್ಟು ಅಡಿಗೆ ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಅದಕ್ಕೆ ತಕ್ಕ ಅಳತೆ ಲೆಕ್ಕ ಹಾಕಿ ಕೊಡುತ್ತೇನೆ.